ಕಲ್ಲು ಉಳಿಯಿತು, ದಾರಿ ಹೋಯಿತು: ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ನವದೆಹಲಿ

ಹಾಗೂ ಕರ್ನಾಟಕದ ಆರ್ಕಿಟೆಕ್ಚರ್ ಕಾಲೇಜುಗಳ ಪ್ರಾಂಶುಪಾಲರಿಗೆ, ನನ್ನ ಸಹೋದ್ಯೋಗಿ ವಿನ್ಯಾಸಕಾರರಿಗೆ

ವಿಷಯ: ಆದಿವಾಸಿಗಳ ನೆಲ ಮತ್ತು ಸಂಸ್ಕೃತಿಯೊಂದಿಗೆ ನಮ್ಮ ವೃತ್ತಿ ನಡೆದುಕೊಳ್ಳುತ್ತಿರುವ ರೀತಿಯ ಬಗ್ಗೆ

ಮಾನ್ಯರೇ,

ನಾನು ತಮ್ಮಲ್ಲಿ ನೋಂದಣಿಯಾದ ಒಬ್ಬ ವಾಸ್ತುಶಿಲ್ಪಿ. ಹದಿನೇಳು ವರ್ಷಗಳಿಂದ ನಕ್ಷೆ ಬರೆದೇ ಬದುಕಿದ್ದೇನೆ. ಈ ಪತ್ರವನ್ನು ತಮ್ಮ ಕಚೇರಿಯ ಭಾಷೆಯಲ್ಲಿ ಬರೆಯದೆ ಕನ್ನಡದಲ್ಲಿ ಬರೆಯಲು ಕಾರಣವಿದೆ. ಇದು ಯಾರ ವಿಚಾರವೋ ಅವರಿಗೆ ಇದನ್ನು ಓದಿ ಹೇಳುವ ಮಕ್ಕಳು ಅವರ ಹಾಡಿಯಲ್ಲೇ, ಅಂದರೆ ಕಾಡಂಚಿನ ಅವರ ಊರಿನಲ್ಲೇ, ಇದ್ದಾರೆ. ಅವರಿಗೆ ಗೊತ್ತಾಗದ ಹಾಗೆ ಅವರ ಬಗ್ಗೆ ಬರೆಯುವ ಕೆಲಸವನ್ನು ನಾನು ಈಗಾಗಲೇ ಒಮ್ಮೆ ಮಾಡಿದ್ದೇನೆ, ಇನ್ನೊಮ್ಮೆ ಮಾಡಲಾರೆ. ತಮಗೆ ಅನುವಾದ ಕಳಿಸುವ ಹೊಣೆ ನನ್ನದು.

ಎಂಟು ವರ್ಷದ ಹಿಂದೆ ನಾನಿದ್ದ ಕಚೇರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಒಂದು ರೆಸಾರ್ಟ್ ಕೆಲಸ ಬಂತು. ಜಮೀನು ಖಾಸಗಿ. ಪಹಣಿ ಸರಿಯಿತ್ತು, ಭೂಪರಿವರ್ತನೆ ಆಗಿತ್ತು. ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಇಟ್ಟು ಮೂರು ದಿನ ಸರ್ವೆ ಮಾಡಿಸಿದೆವು. ನೆಲದ ಏರಿಳಿತ ತೋರಿಸುವ, ಅರ್ಧ ಮೀಟರಿಗೊಂದು ಕಾಂಟೂರ್ ಗೆರೆ, ಪ್ರತಿ ಮರಕ್ಕೂ ಒಂದು ನಂಬರು, ಅದರ ಜಾತಿ, ಅದರ ಸುತ್ತಳತೆ, ಎಲ್ಲವೂ ಹಾಳೆಗೆ ಇಳಿಯಿತು. ಜಮೀನಿನ ಪಡುವಣ ಮೂಲೆಯಲ್ಲಿ ಒಂದು ಮತ್ತಿ ಮರ, ಅದರ ಬುಡದಲ್ಲಿ ಏಳೆಂಟು ಕಲ್ಲು ಚಪ್ಪಡಿ. ಮೊಣಕಾಲೆತ್ತರ ಇರಬಹುದು. ಎರಡು ನೆಟ್ಟಗೆ ನಿಂತಿದ್ದವು, ಉಳಿದವು ವಾಲಿದ್ದವು. ನಕ್ಷೆಯಲ್ಲಿ ಅವುಗಳ ಸುತ್ತ ಚುಕ್ಕೆ ಗೆರೆ ಎಳೆದು ‘ಲೂಸ್ ಬೋಲ್ಡರ್ಸ್, ಟು ಬಿ ಕ್ಲಿಯರ್ಡ್’ (ಬಿಡಿ ಬಂಡೆಗಳು, ತೆರವು ಮಾಡಬೇಕು) ಎಂದು ಬರೆದದ್ದು ನಾನೇ. ಅಲ್ಲಿಂದ ಕಬಿನಿ ಹಿನ್ನೀರು ಚೆನ್ನಾಗಿ ಕಾಣುತ್ತದೆ. ಈಜುಕೊಳ ಅಲ್ಲಿಗೇ ಬರಬೇಕಿತ್ತು.

ಮಾರ್ಕಿಂಗ್ ಮಾಡುವ ದಿನ ಸುಣ್ಣದ ಪುಡಿ ಹಾಕುತ್ತಿದ್ದಾಗ ಪಕ್ಕದ ಜೇನು ಕುರುಬರ ಹಾಡಿಯಿಂದ ಒಬ್ಬರು ಯಜಮಾನರು ಇಬ್ಬರು ಹೆಂಗಸರೊಂದಿಗೆ ಬಂದು ನಿಂತರು. ನಕ್ಷೆ ಜೀಪಿನ ಬಾನೆಟ್ ಮೇಲೆ ಹರಡಿತ್ತು, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಜಲ್ಲಿ ಇಟ್ಟಿದ್ದೆವು. ಅವರು ಸ್ವಲ್ಪ ಹೊತ್ತು ನೋಡಿ, “ಕಾಗ್ದ ತಿರುಗ್ಸಿ ಸಾ, ಹೊತ್ತುಟ್ಟೋದು ಇತ್ಲಾಗೆ” ಅಂದರು. ಹಾಳೆಯನ್ನು ನೆಲದ ದಿಕ್ಕಿಗೆ ಸರಿಯಾಗಿ ತಿರುಗಿಸಿದೆವು. ಆಮೇಲೆ ಅವರ ಬೆರಳು ತಾನಾಗಿಯೇ ಓಡಾಡಿತು. ಇದು ಹಳ್ಳ, ಇದು ನಮ್ಮ ಹಾಡಿ ಕಡೆ, ಇದು ನೀವು ಬಂದ ರಸ್ತೆ. ಓದಲು ಬಾರದ ಮನುಷ್ಯ ನನ್ನ ಕಾಂಟೂರ್ ಗೆರೆಗಳನ್ನು ನನಗಿಂತ ಬೇಗ ಓದಿದರು. ಪಡುವಣ ಮೂಲೆಗೆ ಬಂದು ಬೆರಳು ನಿಂತಿತು. “ಇದ್ರಲ್ಲಿ ನಮ್ ದೇವ್ರು ಎಲ್ಲವ್ನೆ ಸಾ?”

ನನಗೆ ಉತ್ತರ ಹೇಳಲಾಗಲಿಲ್ಲ. ಅಲ್ಲಿ ಬರೆದದ್ದನ್ನು ಓದಿ ಹೇಳುವ ಧೈರ್ಯವೂ ಬರಲಿಲ್ಲ.

ಮುಂದೆ ನಡೆದದ್ದನ್ನು ಹೇಳಲೇಬೇಕು, ಏಕೆಂದರೆ ನನ್ನ ನಿಜವಾದ ದೂರು ಇರುವುದು ಅಲ್ಲಿ. ನಾನು ಕಚೇರಿಯಲ್ಲಿ ವಿಷಯ ಎತ್ತಿದೆ. ಯಾರೂ ಜಗಳವಾಡಲಿಲ್ಲ. ಕ್ಲೈಂಟ್ ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದರು. ಈಜುಕೊಳವನ್ನು ಹನ್ನೆರಡು ಮೀಟರ್ ಈಚೆಗೆ ತಂದೆವು. ಕಲ್ಲುಗಳ ಸುತ್ತ ಹುಲ್ಲು ಬೆಳೆಸಿದೆವು, ನೆಲದೊಳಗಿಂದ ಬೆಳಕು ಬರುವ ದೀಪ ಹಾಕಿಸಿದೆವು, ಇಂಗ್ಲಿಷಿನಲ್ಲಿ ಒಂದು ಫಲಕ ನೆಡಿಸಿದೆವು. ಕಚೇರಿಯಲ್ಲಿ ಅದನ್ನು ಸೂಕ್ಷ್ಮತೆಗೆ ಉದಾಹರಣೆಯಾಗಿ ತೋರಿಸಿದ್ದೂ ಉಂಟು. ಅದೇ ವಾರ ನಾನು ಪಡುವಣ ಗಡಿಗೆ ಏಳಡಿ ಎತ್ತರದ ಕಾಂಪೌಂಡ್ ಗೋಡೆ ಎಳೆದೆ. ಆನೆ ಬರುವ ಜಾಗ, ಗೋಡೆ ಬೇಕು ಎಂದು ಹೇಳಿದ್ದರು. ಹಾಡಿಯಿಂದ ಆ ಮರಕ್ಕೆ ಬರುವ ಕಾಲುದಾರಿ ಆ ಗೋಡೆಯ ನಡುಮಧ್ಯಕ್ಕೆ ಬಂದು ಬಡಿಯುತ್ತದೆ. ಕಾಲುದಾರಿ ನಮ್ಮ ಸರ್ವೆಯಲ್ಲಿ ಇರಲೇ ಇಲ್ಲ. ಅದು ಪಹಣಿಯಲ್ಲಿ ಇಲ್ಲ, ಗ್ರಾಮನಕ್ಷೆಯಲ್ಲಿ ಇಲ್ಲ, ಮಳೆಗಾಲದಲ್ಲಿ ಹುಲ್ಲು ಮುಚ್ಚಿದರೆ ಕಣ್ಣಿಗೂ ಕಾಣುವುದಿಲ್ಲ.

ಎರಡು ವರ್ಷ ಬಿಟ್ಟು ಹೋದಾಗ ಹಾಡಿಯ ಆ ಹೆಂಗಸರಲ್ಲಿ ಒಬ್ಬರು ಸಿಕ್ಕರು. ಪೂಜೆಗೆ ಬರಬೇಕಾದರೆ ರೆಸಾರ್ಟಿನ ಮುಂಬಾಗಿಲಿಗೆ ಸುತ್ತಿ ಬರಬೇಕು, ಪುಸ್ತಕದಲ್ಲಿ ಹೆಸರು ಬರೆಸಬೇಕು, ಅತಿಥಿಗಳು ಎದ್ದು ತಿಂಡಿ ಮುಗಿಸುವ ತನಕ ಕಾಯಬೇಕು. ಅವರು ಮಾಡುತ್ತಿದ್ದದ್ದು ಹೊತ್ತು ಮೂಡುವ ಮುಂಚಿನ ಪೂಜೆ. ಒಂದು ವರ್ಷ ಹಾಗೆ ಬಂದರು, ಮರುವರ್ಷ ಬರಲಿಲ್ಲ. “ಗೇಟಲ್ಲಿ ಕೇಳ್ಕೊಂಡು ಹೋಗಕ್ಕೆ ಅದೇನ್ ಬ್ಯಾರೆಯವ್ರ ದೇವ್ರಾ ಸಾ?” ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಕಬಿನಿ ಅಣೆಕಟ್ಟು ಬಂದಾಗ ಕೆಲವರು, ಕಾಡು ರಾಷ್ಟ್ರೀಯ ಉದ್ಯಾನವಾದಾಗ ಇನ್ನು ಕೆಲವರು, ಹೀಗೆ ಜಾಗ ಬಿಡುತ್ತಲೇ ಬಂದ ಜನ ಅವರು. ಆ ಸಾಲಿಗೆ ನನ್ನ ಗೋಡೆಯೂ ಸೇರಿತು.

ಮಾನ್ಯರೇ, ಇಲ್ಲಿ ಕಾನೂನು ಮುರಿದವರು ಯಾರೂ ಇಲ್ಲ. ಅದಕ್ಕೇ ತಮಗೆ ಬರೆಯುತ್ತಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯ ಭೂಮಿಯಲ್ಲಿ ಆದಿವಾಸಿಗಳ ಹಕ್ಕನ್ನು ಒಪ್ಪುತ್ತದೆ, ತಮ್ಮ ಸಾಂಸ್ಕೃತಿಕ ಪರಂಪರೆಯನ್ನು ಕಾಪಾಡಿಕೊಳ್ಳುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಆದರೆ ಕಾಡಿನ ಬೇಲಿ ದಾಟಿ ಖಾಸಗಿ ಪಟ್ಟಾ ಜಮೀನಿಗೆ ಬಂದರೆ ಅದು ಮಾತನಾಡುವುದಿಲ್ಲ. ಸಂವಿಧಾನದ ಐದನೇ ಅನುಸೂಚಿಯಡಿ ಆದಿವಾಸಿಗಳಿಗಾಗಿ ಗುರುತಿಸಿದ ಪ್ರದೇಶವೇ ಕರ್ನಾಟಕದಲ್ಲಿ ಇಲ್ಲದ್ದರಿಂದ, ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯ ರಕ್ಷಣೆಯೂ ಇಲ್ಲಿಲ್ಲ. ರೆಸಾರ್ಟುಗಳು, ಹೋಂ ಸ್ಟೇಗಳು, ವಿಲ್ಲಾ ಬಡಾವಣೆಗಳು ಏಳುತ್ತಿರುವುದು ಸರಿಯಾಗಿ ಆ ಬೇಲಿಯ ಹೊರಗೆ. ಅಲ್ಲಿ ಕಂದಾಯ ಇಲಾಖೆ ಕಾಗದ ನೋಡುತ್ತದೆ, ಪಂಚಾಯಿತಿ ಶುಲ್ಕ ನೋಡುತ್ತದೆ. ಗೆರೆ ಎಳೆಯುವ ಮುಂಚೆ ಆ ನೆಲದ ಮೇಲೆ ನಿಂತು ನೋಡುವ ಮನುಷ್ಯ ವಾಸ್ತುಶಿಲ್ಪಿ ಒಬ್ಬನೇ. ಅವನಿಗೆ ಯಾವ ಕರ್ತವ್ಯವಿದೆ ಎಂದು ಹೇಳಬೇಕಾದವರು ತಾವು.

ತಮ್ಮ 1989ರ ವೃತ್ತಿ ನಡತೆಯ ನಿಯಮಗಳನ್ನು ಮತ್ತೆ ತೆಗೆದು ಓದಿದೆ. ಕ್ಲೈಂಟ್‌ಗೆ ನಿಷ್ಠೆ, ಶುಲ್ಕದಲ್ಲಿ ಪ್ರಾಮಾಣಿಕತೆ, ಸಹೋದ್ಯೋಗಿಯ ಕೆಲಸ ಕಸಿಯದಿರುವುದು, ಇವೆಲ್ಲ ಸ್ಪಷ್ಟವಾಗಿವೆ. ಪರಿಸರದ ಗುಣಮಟ್ಟಕ್ಕೂ ಸಮಾಜದ ಮುಂದಿನ ಹಿತಕ್ಕೂ ವಾಸ್ತುಶಿಲ್ಪಿ ಹೊಣೆಗಾರ ಎಂಬ ಮಾತೂ ಅಲ್ಲಿದೆ, ಅದೂ ಮೊದಲಿಗೇ ಇದೆ. ಆ ಸಾಲಿನ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸಾಲು ಓದಿದ ಯಾವ ಯುವ ವಾಸ್ತುಶಿಲ್ಪಿಗೂ ಪಡುವಣ ಮೂಲೆಯ ಕಲ್ಲು ಕಂಡಾಗ ಯಾರನ್ನು ಕೇಳಬೇಕು, ಏನು ಕೇಳಬೇಕು, ಅವರು ಬೇಡವೆಂದರೆ ಏನು ಮಾಡಬೇಕು ಎಂದು ತಿಳಿಯುವುದಿಲ್ಲ. ನನಗೆ ತಿಳಿದಿರಲಿಲ್ಲ.

ನೆಲದ ವಿಷಯದಲ್ಲಿ ಹೀಗಾದರೆ ಚಿತ್ತಾರದ ವಿಷಯದಲ್ಲಿ ನಾವು ಇನ್ನೂ ಸಲೀಸಾಗಿ ಕೈ ಹಾಕುತ್ತೇವೆ. ಅದೇ ರೆಸಾರ್ಟಿನ ಊಟದ ಮನೆಯ ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿದು ಬಿಳಿ ಗೆರೆಯ ಮನುಷ್ಯರನ್ನು ಸಾಲಾಗಿ ಕುಣಿಸಿದ್ದರು. ವಿನ್ಯಾಸದ ಮಾದರಿಗಳನ್ನು ಅಂಟಿಸುವ ಮೂಡ್ ಬೋರ್ಡಿನಲ್ಲಿ ಅದರ ಹೆಸರು ‘ಟ್ರೈಬಲ್ ಆರ್ಟ್’. ಅದು ವಾರ್ಲಿ. ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ವಾರ್ಲಿ ಜನ ಮದುವೆಯ ಸಮಯದಲ್ಲಿ ಮನೆಯೊಳಗಿನ ಗೋಡೆಗೆ ಅಕ್ಕಿ ಹಿಟ್ಟಿನಲ್ಲಿ ಬರೆಯುವ ಚಿತ್ರ. ಮೊದಲು ಚೌಕ, ಚೌಕದೊಳಗೆ ಪಾಲಘಟ ದೇವಿ, ಬರೆಯುವವರು ಮುತ್ತೈದೆಯರು. ಆ ಕಲೆಯನ್ನು ಕಾಗದಕ್ಕೆ ತಂದು ಜಗತ್ತಿಗೆ ತೋರಿಸಿದ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ವಾರ್ಲಿ ಚಿತ್ರಕಲೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ. ಇಷ್ಟೆಲ್ಲ ಹೆಸರು, ಊರು, ಹಕ್ಕು ಇರುವ ಕಲೆ ಜೇನು ಕುರುಬರ ಹಾಡಿಯ ಪಕ್ಕದಲ್ಲಿ ಹೆಸರಿಲ್ಲದೆ ಊಟದ ಮನೆಯ ಗೋಡೆಗೆ ಬಂದು ಕೂತಿತ್ತು. ಅಲ್ಲಿ ಬರೆದವರು ವಾರ್ಲಿಗಳಲ್ಲ, ನೋಡುವವರು ಅದನ್ನು ಜೇನು ಕುರುಬರದು ಅಂದುಕೊಳ್ಳುತ್ತಾರೆ. ಒಂದೇ ಗೋಡೆಯಲ್ಲಿ ಎರಡು ಸಮುದಾಯಗಳಿಗೆ ಅನ್ಯಾಯವಾಯಿತು. ಕೋಣೆಗಳಿಗೆ ‘ಹಾಡಿ’ ಎಂದೇ ಹೆಸರಿಟ್ಟಿದ್ದರು. ನಿಜವಾದ ಹಾಡಿಗೆ ಆಗ ಸರಿಯಾದ ಕುಡಿಯುವ ನೀರಿನ ನಲ್ಲಿ ಇರಲಿಲ್ಲ.

ಅನುಮತಿಯಿಲ್ಲದೆ ಚಿತ್ತಾರ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಕರಣವನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕು. ಅಲ್ಲಿನ ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕೇಳದೆ ಕಾರ್ಪೆಟ್ ಮೇಲೆ ನೇಯಿಸಿ ಮಾರಿದ್ದರು. ಕಲಾವಿದರಲ್ಲಿ ಕೆಲವರು ತೀರಿಕೊಂಡಿದ್ದರು. 1994ರಲ್ಲಿ ನ್ಯಾಯಾಲಯ ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು, ಪವಿತ್ರವಾದ ಚಿತ್ರ ಕಾಲಡಿಗೆ ಬಿದ್ದಾಗ ಅದರ ಹೊಣೆ ಹೊತ್ತ ಕಲಾವಿದರು ತಮ್ಮ ಸಮುದಾಯದೊಳಗೆ ಪಡುವ ನೋವನ್ನೂ ಪರಿಹಾರದ ಲೆಕ್ಕಕ್ಕೆ ತೆಗೆದುಕೊಂಡಿತು. ಈ ಎರಡನೆಯ ಮಾತನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಚಿತ್ರ ಒಬ್ಬರ ಕೈಯಿಂದ ಬಂದಿರಬಹುದು, ಆದರೆ ಅದನ್ನು ಹೊರಗೆ ಕೊಡುವ ಅಧಿಕಾರ ಅವರೊಬ್ಬರದೇ ಅಲ್ಲ. ನಾವು ಹಾಡಿಗೆ ಹೋಗಿ ಸಿಕ್ಕ ಒಬ್ಬ ಹುಡುಗನನ್ನು ಕೇಳಿ, ಅವನು ತಲೆಯಾಡಿಸಿದರೆ ಒಪ್ಪಿಗೆ ಸಿಕ್ಕಿತು ಅಂದುಕೊಳ್ಳುತ್ತೇವಲ್ಲ, ಅದು ಒಪ್ಪಿಗೆ ಅಲ್ಲ.

ಕಾಲೇಜಿನ ವಿಷಯಕ್ಕೆ ಬರುತ್ತೇನೆ. ನಾನು ಎರಡನೇ ವರ್ಷದಲ್ಲಿದ್ದಾಗ ನಮ್ಮನ್ನು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿಗೆ, ಅಂದರೆ ಸೋಲಿಗರ ಊರಿಗೆ, ಕರೆದುಕೊಂಡು ಹೋದರು. ಮೆಷರ್ಡ್ ಡ್ರಾಯಿಂಗ್, ಅಂದರೆ ಇರುವ ಕಟ್ಟಡವನ್ನು ಅಳೆದು ಬರೆಯುವ ಪಾಠ. ಐವತ್ತು ಜನ ಟೇಪು ಹಿಡಿದು ಇಳಿದೆವು. ಬಿದಿರಿನ ತಟ್ಟಿ ಗೋಡೆ, ಒಲೆಯ ಜಾಗ, ಅಟ್ಟದ ಎತ್ತರ, ಎಲ್ಲ ಅಳೆದೆವು. ಒಳಗೆ ಒಬ್ಬ ಬಾಣಂತಿ ಇದ್ದರು. ನಾವು ಅಳೆದು ಮುಗಿಸುವ ತನಕ ಅವರು ಮಗುವನ್ನು ಎತ್ತಿಕೊಂಡು ಹೊರಗೆ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು. ನಮ್ಮ ಹಾಳೆಗಳಿಗೆ ಒಳ್ಳೆಯ ಅಂಕ ಬಂತು, ವರ್ಷಾನುಗಟ್ಟಲೆ ಕಾರಿಡಾರಿನಲ್ಲಿ ತೂಗುಹಾಕಿದ್ದರು. ಆ ಮನೆಯವರಿಗೆ ಒಂದು ಪ್ರತಿಯೂ ಹೋಗಲಿಲ್ಲ. ಹಾಳೆಯ ಕೆಳಗಿನ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಗೈಡ್ ಹೆಸರಿತ್ತು, ಕಾಲೇಜಿನ ಹೆಸರಿತ್ತು. ಮನೆ ಕಟ್ಟಿದವರ ಹೆಸರನ್ನು ನಾವು ಕೇಳಿರಲೇ ಇಲ್ಲ. ಇಂದಿಗೂ ಪ್ರತಿ ವರ್ಷ ಯಾವುದೋ ಹಾಡಿಗೆ, ಪೋಡಿಗೆ ಒಂದು ಬಸ್ಸು ಹೋಗಿ ಇದೇ ಕೆಲಸ ಮಾಡಿ ಬರುತ್ತದೆ.

ಅದೇ ಬೆಟ್ಟದಲ್ಲಿ ಸೋಲಿಗರು ಮಾಡಿದ ಇನ್ನೊಂದು ನಕ್ಷೆ ಇದೆ. ಅದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ಅವರ ಪವಿತ್ರ ಜಾಗಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಹಿರಿಯರು ಸಂಶೋಧಕರ ಜೊತೆ ಕಾಡು ತಿರುಗಿ ಇಂಥ ನೂರಾರು ಜಾಗಗಳನ್ನು ತಮ್ಮ ಭಾಷೆಯ ಹೆಸರಿನಲ್ಲೇ ನಕ್ಷೆಗೆ ಇಳಿಸಿದರು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಪ್ರವಾಸಿಗರಿಗೆ ಒಂದು ಹಳೆಯ ಮರ, ಅವರಿಗೆ ದೇವರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ನಮ್ಮ ಐವತ್ತು ಜನರ ಟೇಪಿಗೆ ಬಿದಿರಿನ ತಟ್ಟಿಯ ದಪ್ಪ ಸಿಕ್ಕಿತು. ಆ ತಟ್ಟಿ ಯಾವ ಎಲ್ಲೆಯಿಂದ ಬಂತು, ಯಾವಾಗ ಕಡಿಯಬಹುದು, ಎಲ್ಲಿ ಕಡಿಯಬಾರದು ಎಂಬುದು ಸಿಗಲಿಲ್ಲ. ಮನೆ ಎಂದರೆ ಅದೆಲ್ಲ ಸೇರಿದ್ದು ಎಂದು ನಮಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವರು ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು.

ಗಿಡಗಳ ವಿಷಯದಲ್ಲೂ ಒಂದು ಮಾತು ಹೇಳಬೇಕೆನಿಸುತ್ತದೆ. ಇಂದು ಬಿಳಿಗಿರಿರಂಗನ ಬೆಟ್ಟದಲ್ಲೂ ಬಂಡೀಪುರದಲ್ಲೂ ಕಾಡಿನ ನೆಲವನ್ನೇ ಮುಚ್ಚಿಹಾಕಿರುವ ಲಂಟಾನ ಈ ದೇಶಕ್ಕೆ ಬಂದದ್ದು ತೋಟದ ಅಲಂಕಾರದ ಗಿಡವಾಗಿ, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ಬಣ್ಣ ಚೆನ್ನಾಗಿದೆ ಎಂದು ಯಾರೋ ಆರಿಸಿದ್ದು. ಸೋಲಿಗರು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು, ಬೇಸಿಗೆಯ ಮೊದಲಿಗೆ ಒಣಗಿದ ಎಲೆ ಮಾತ್ರ ಸುಟ್ಟುಹೋಗುವಂಥ ತೆಳುವಾದ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹೀಗೆ ಹಬ್ಬಿತು ಎಂದು ಹಿರಿಯರು ಹೇಳುತ್ತಾರೆ. ಈಗ ಅದೇ ಲಂಟಾನದ ಕಡ್ಡಿಯಿಂದ ಅವರು ಕುರ್ಚಿ, ಬುಟ್ಟಿ, ಆನೆಯ ಗೊಂಬೆ ಮಾಡುತ್ತಾರೆ. ನಮ್ಮ ಒಳಾಂಗಣ ವಿನ್ಯಾಸಕಾರರು ಅವುಗಳನ್ನು ಕೊಳ್ಳುತ್ತಾರೆ, ಸಂತೋಷ. ಆದರೆ ರೆಸಾರ್ಟಿನ ಗಿಡಗಳ ಪಟ್ಟಿ ತಯಾರಿಸುವಾಗ ಅವರನ್ನು ಕರೆದು ‘ಈ ಗಿಡ ಇಲ್ಲಿ ಇರಬಹುದೇ’ ಎಂದು ಕೇಳಿದ ಒಬ್ಬ ಲ್ಯಾಂಡ್‌ಸ್ಕೇಪ್ ವಾಸ್ತುಶಿಲ್ಪಿಯನ್ನೂ ನಾನು ನೋಡಿಲ್ಲ. ಅವರ ಕೈಕೆಲಸ ನಮಗೆ ಬೇಕು, ನೆಲದ ಬಗೆಗಿನ ಅವರ ತಿಳಿವಳಿಕೆ ಬೇಡವಾಗಿದೆ.

ಸರ್ಕಾರಿ ಮನೆಗಳ ವಿಷಯ ಇನ್ನೊಂದು ಪತ್ರಕ್ಕಾಗುವಷ್ಟಿದೆ. ಇಷ್ಟು ಹೇಳುತ್ತೇನೆ. 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನ್‌ಮನ್ ಯೋಜನೆಯಡಿ ದೇಶದ 75 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮನೆಗಳು ಬರುತ್ತಿವೆ. ನಮ್ಮ ರಾಜ್ಯದಲ್ಲಿ ಆ ಪಟ್ಟಿಯಲ್ಲಿರುವವರು ಜೇನು ಕುರುಬರು ಮತ್ತು ಕೊರಗರು. ಮನೆ ಬರಲಿ, ಗಟ್ಟಿಯಾಗಿ ಬರಲಿ. ಆದರೆ ನಾನು ಕಂಡ ಎಷ್ಟೋ ಹಳೆಯ ಸರ್ಕಾರಿ ಮನೆಗಳಲ್ಲಿ ಒಲೆ ಹೊರಗೆ ಪ್ಲಾಸ್ಟಿಕ್ ಹಾಳೆಯ ಕೆಳಗಿದೆ, ಏಕೆಂದರೆ ಒಳಗೆ ಹೊಗೆ ಹೋಗಲು ದಾರಿಯಿಲ್ಲ. ಎಲ್ಲ ಮನೆಗಳೂ ರಸ್ತೆಗೆ ಮುಖ ಮಾಡಿ ಸಾಲಾಗಿ ನಿಂತಿವೆ, ಮೊದಲು ಅವು ಒಂದಕ್ಕೊಂದು ಮುಖ ಮಾಡಿದ್ದವು. ಒಂದು ಸಂಜೆ ಹಾಡಿಯಲ್ಲಿ ಕೂತು ಮಾತಾಡಿದ್ದರೆ ತಿಳಿಯುತ್ತಿದ್ದ ವಿಷಯ ಇದು. ಕರಡು ನಕ್ಷೆ ಮಾಡಿದವರಿಗೆ ಆ ಒಂದು ಸಂಜೆಗೆ ಯಾರೂ ಸಂಬಳ ಕೊಟ್ಟಿರಲಿಲ್ಲ.

ಬೇರೆ ಥರ ಮಾಡಲು ಸಾಧ್ಯವೇ ಎಂದು ಕೇಳುವವರಿಗೆ ಉದಾಹರಣೆಗಳಿವೆ. ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿ 1995ರಲ್ಲಿ ತೆರೆದ ಸಂಸ್ಕೃತಿ ಕೇಂದ್ರವನ್ನು ವಿನ್ಯಾಸ ಮಾಡಿದ ಗ್ರೆಗರಿ ಬರ್ಗೆಸ್ ಅಲ್ಲಿನ ಅನಂಗು ಜನರ ಜೊತೆ ಆ ನೆಲದಲ್ಲೇ ಉಳಿದು, ಅವರು ಮರಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದ್ದರಿಂದ ಕೆಲಸ ಶುರು ಮಾಡಿದರು. ಅನಂಗು ಜನ ತಮ್ಮ ಪವಿತ್ರ ಬಂಡೆ ಹತ್ತಬೇಡಿ ಎಂದು ದಶಕಗಳ ಕಾಲ ಕೇಳಿಕೊಂಡರು. 2019ರ ಅಕ್ಟೋಬರ್ 26ರಿಂದ ಹತ್ತುವುದು ಪೂರ್ತಿ ನಿಂತಿತು. ಬಂಡೆಯ ಬುಡದ ಕೆಲವು ಜಾಗಗಳ ಫೋಟೋ ತೆಗೆಯಬಾರದು ಎಂಬ ಫಲಕಗಳೂ ಅಲ್ಲಿವೆ. 2021ರಲ್ಲಿ ಆ ದೇಶ ವಾಸ್ತುಶಿಲ್ಪಿಗಳಿಗೆ ಇರಬೇಕಾದ ಸಾಮರ್ಥ್ಯಗಳ ರಾಷ್ಟ್ರೀಯ ಮಾನದಂಡವನ್ನು ಪರಿಷ್ಕರಿಸಿದಾಗ ಮೂಲನಿವಾಸಿಗಳ ಜೊತೆ, ಅವರ ನೆಲದ ಜೊತೆ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಅದರೊಳಗೆ ಸೇರಿಸಿತು. ತಮ್ಮಂಥದೇ ಒಂದು ವೃತ್ತಿ ವ್ಯವಸ್ಥೆ ಅದನ್ನು ಮಾಡಿದೆ.

ನಮ್ಮ ದೇಶವೂ ಹಿಂದೆ ಉಳಿದಿಲ್ಲ, ನಮ್ಮ ವೃತ್ತಿ ಉಳಿದಿದೆ. 2007ರಲ್ಲಿ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಬಂದಾಗ ಭಾರತ ಪರವಾಗಿ ಮತ ಹಾಕಿತು. ಮುಂಚಿತವಾಗಿ, ಒತ್ತಡವಿಲ್ಲದೆ, ಎಲ್ಲ ತಿಳಿಸಿ ಪಡೆದ ಒಪ್ಪಿಗೆ ಎಂಬ ಮಾತು ಅಲ್ಲಿನದು. 2013ರಲ್ಲಿ ಸುಪ್ರೀಂ ಕೋರ್ಟ್ ಒಡಿಶಾದ ನಿಯಮಗಿರಿಯ ಗಣಿ ವಿಷಯವನ್ನು ಗ್ರಾಮಸಭೆಗಳ ಮುಂದಿಡಿ ಎಂದಿತು. ಹನ್ನೆರಡು ಗ್ರಾಮಸಭೆಗಳಲ್ಲಿ ಹನ್ನೆರಡೂ ಬೇಡವೆಂದವು. ನಮ್ಮಲ್ಲೇ, ನಾಗರಹೊಳೆ ಕಾಡಿನೊಳಗೆ ಎದ್ದಿದ್ದ ಹೋಟೆಲನ್ನು ಅಲ್ಲಿನ ಬುಡಕಟ್ಟು ಜನರ ಸಂಘಟನೆ ಹೈಕೋರ್ಟಿಗೆ ಹೋಗಿ 1997ರಲ್ಲಿ ನಿಲ್ಲಿಸಿತು. ಆ ಹೋಟೆಲಿಗೂ ಯಾರೋ ನಕ್ಷೆ ಬರೆದಿದ್ದರು. ಐದು ವರ್ಷದ ನನ್ನ ಓದಿನಲ್ಲಿ ಈ ಪ್ರಕರಣದ ಸುದ್ದಿ ಒಮ್ಮೆಯೂ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು.

ಎಲ್ಲಕ್ಕಿಂತ ಮುಖ್ಯವಾದದ್ದು ಒಪ್ಪಿಗೆಯದು. ಆದಿವಾಸಿಗಳು ವಾಸಿಸುವ, ಓಡಾಡುವ, ಪೂಜಿಸುವ ನೆಲದಲ್ಲಿ ಅಥವಾ ಅದರ ಅಂಚಿನಲ್ಲಿ ಕೆಲಸ ಒಪ್ಪಿಕೊಳ್ಳುವ ವಾಸ್ತುಶಿಲ್ಪಿ, ಜಮೀನು ಖಾಸಗಿಯೇ ಆಗಿದ್ದರೂ, ಮೊದಲ ಗೆರೆ ಎಳೆಯುವ ಮುಂಚೆ ಅವರ ಸಭೆಯ ಮುಂದೆ ಕೂರಬೇಕು ಎಂದು ನಡತೆಯ ನಿಯಮಗಳಲ್ಲಿ ಸೇರಿಸಿ. ಸಭೆ ಅವರ ಜಾಗದಲ್ಲಿ, ಅವರ ಭಾಷೆಯಲ್ಲಿ, ಅವರ ಬಿಡುವಿನ ವೇಳೆಯಲ್ಲಿ ಆಗಬೇಕು, ಹೆಂಗಸರು ಇರಬೇಕು, ಬಂದವರ ಆ ದಿನದ ಕೂಲಿ ತಪ್ಪಬಾರದು. ಅದರ ಖರ್ಚು ಸರ್ವೆಯ ಖರ್ಚಿನ ಹಾಗೆಯೇ ಯೋಜನೆಯ ಬಾಬತ್ತಿನಲ್ಲಿ ಬರಲಿ. ಅವರು ಬೇಡವೆಂದರೆ ಆ ಮಾತಿಗೆ ಬೆಲೆ ಇರಬೇಕು. ಆ ಕಾರಣಕ್ಕೆ ಕೆಲಸ ಬಿಡುವ ವಾಸ್ತುಶಿಲ್ಪಿಯ ಬೆನ್ನಿಗೆ, ಅಲ್ಲಿಯ ತನಕದ ಶುಲ್ಕ ಅವನಿಗೆ ಸಿಗುವ ಹಾಗೆ, ತಾವು ನಿಲ್ಲಬೇಕು. ಇದಿಲ್ಲದಿದ್ದರೆ ಸಾಲ ಮಾಡಿ ಕಚೇರಿ ತೆರೆದ ಹುಡುಗರು ಯಾರೂ ಬೇಡ ಎಂಬ ಉತ್ತರ ಬರಬಹುದಾದ ಪ್ರಶ್ನೆಯನ್ನು ಕೇಳಲಾರರು.

ಸರ್ವೆ ನಕ್ಷೆಯಲ್ಲಿ ಮರ, ಬಂಡೆ, ಬಾವಿಗಳ ಜೊತೆಗೆ ಬಳಕೆಯ ಗುರುತುಗಳೂ ಬರಲಿ. ಕಾಲುದಾರಿ, ನೀರಿಗೆ ಇಳಿಯುವ ಜಾಗ, ಜೇನು ಕಟ್ಟುವ ಮರ, ಸತ್ತವರನ್ನು ಹೂಳಿದ ಜಾಗ, ಪೂಜೆಯ ಜಾಗ. ಇಲ್ಲೊಂದು ಎಚ್ಚರ ಬೇಕು. ಇದನ್ನು ನಾನು ಸಲಹೆಯಾಗಿ ಹೇಳಿದಾಗ ಹಾಡಿಯ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, “ಎಲ್ಲಾನೂ ಬರೀಬ್ಯಾಡಿ ಸಾ. ಕೆಲವು ನಮಗೆ ಗೊತ್ತಿದ್ರೆ ಸಾಕು” ಅಂದರು. ಯಾವುದು ಹಾಳೆಗೆ ಬರಬಹುದು, ಯಾವುದು ಬರಬಾರದು ಎಂದು ಅವರೇ ಹೇಳಲಿ. ಬರಬಾರದ ಜಾಗದಲ್ಲಿ ‘ಇಲ್ಲಿ ಕಟ್ಟಬೇಡಿ’ ಎಂದಷ್ಟೇ ಬರೆದು, ಏಕೆ ಎಂದು ಕೇಳದೆ ಬಿಡುವುದನ್ನು ನಾವು ಕಲಿಯಬೇಕು. ಇದು ನಮ್ಮ ವೃತ್ತಿಗೆ ಕಷ್ಟದ ಪಾಠ, ನಮಗೆ ಕಾರಣವಿಲ್ಲದೆ ಒಂದು ಮೀಟರನ್ನೂ ಬಿಟ್ಟು ಅಭ್ಯಾಸವಿಲ್ಲ.

ಕಾಲೇಜುಗಳಿಗೆ ಸೂಚನೆ ಕಳಿಸಿ. ಮನೆಯವರು ಒಪ್ಪದೆ ಟೇಪು ಬಿಚ್ಚಬಾರದು. ಬರೆದ ಹಾಳೆಯ ಒಂದು ಪ್ರತಿ, ಕನ್ನಡದಲ್ಲಿ ಹೆಸರು ಬರೆದು, ಆ ಮನೆಗೆ ತಲುಪದೆ ಅಂಕ ಕೊಡಬಾರದು. ಕಟ್ಟಿದವರು ಒಪ್ಪಿದರೆ ಅವರ ಹೆಸರು ಹಾಳೆಯಲ್ಲಿ ಮೊದಲು ಬರಲಿ. ಕಲಿಸಿದ ಹಿರಿಯರಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಿ, ವಿದ್ಯಾರ್ಥಿಗಳ ಕೆಲಸ ನೋಡಿ ಅಳೆಯುವ ಜ್ಯೂರಿಯಲ್ಲಿ ಕುರ್ಚಿ ಕೊಡಿ. ಹಾಡಿಯ ಮಕ್ಕಳು ಈ ಓದಿಗೆ ಬರುವಂತೆ ನಾಟಾ ಪ್ರವೇಶ ಪರೀಕ್ಷೆಯ ತಯಾರಿ, ಶುಲ್ಕ, ಹಾಸ್ಟೆಲ್ ಎಲ್ಲಕ್ಕೂ ಒಂದು ದಾರಿ ಮಾಡಿ. ನನ್ನ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಆ ಬಾಣಂತಿ ಹೊರಗೆ ಕೂರಬೇಕಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಚಿತ್ತಾರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಮುದಾಯದ ಹೆಸರು ಹೇಳಿ, ಅವರನ್ನು ಕೇಳಿ, ಅವರ ಕೈಯಿಂದಲೇ ಬರೆಸಿ, ಅವರು ಕೇಳಿದ ದುಡ್ಡು ಕೊಡಿ. ಕೊಡಲಾಗದಿದ್ದರೆ ಗೋಡೆ ಖಾಲಿ ಇರಲಿ.

ಕೊನೆಗೆ ಆ ಗೋಡೆಯ ವಿಷಯ. ಆ ಕಚೇರಿಯನ್ನು ನಾನು ಬಿಟ್ಟು ನಾಲ್ಕು ವರ್ಷವಾಯಿತು. ಕಳೆದ ಬೇಸಿಗೆಯಲ್ಲಿ ಹಾಡಿಗೆ ಹೋಗಿ, ಯಜಮಾನರ ಹಿಂದೆ ಆ ಕಾಲುದಾರಿಯಲ್ಲಿ ನಡೆದೆ. ಗೋಡೆಯ ತನಕ 640 ಹೆಜ್ಜೆ. ಅವರು ಹೇಳಿದ ಹಾಗೆ ದಾರಿಯನ್ನು ಹಳೆಯ ನಕ್ಷೆಯ ಮೇಲೆ ಗುರುತಿಸಿ, ಗೋಡೆಯಲ್ಲಿ ಮೂರೂವರೆ ಅಡಿಯ ಒಂದು ಬಾಗಿಲು ತೋರಿಸಿದ್ದೇನೆ. ಬೀಗದ ಕೈ ಹಾಡಿಯಲ್ಲಿರಬೇಕು, ಆನೆ ಬರುವ ದಿನಗಳಲ್ಲಿ ಅದನ್ನು ಯಾವಾಗ ತೆರೆಯಬೇಕೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ದೀಪ, ಫಲಕ ಎರಡನ್ನೂ ತೆಗೆಯಲು ಬರೆದಿದ್ದೇನೆ. ಒಂದು ಪ್ರತಿ ಹಾಡಿಯಲ್ಲಿದೆ, ಒಂದನ್ನು ರೆಸಾರ್ಟಿನ ಮಾಲೀಕರಿಗೆ ಕೊಟ್ಟಿದ್ದೇನೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಮೂರನೆಯದನ್ನು ಈ ಪತ್ರದ ಜೊತೆ ತಮಗೆ ಕಳಿಸುತ್ತಿದ್ದೇನೆ.

ತಮ್ಮಲ್ಲಿ ಯಾರಾದರೂ ಬಂದು ಮಾತಾಡುವುದಾದರೆ ಹಾಡಿಯವರು ಸಿದ್ಧರಿದ್ದಾರೆ. ಜೇನಿನ ಕೆಲಸ ಮುಗಿದ ಮೇಲೆ ಬರಬೇಕಂತೆ. ದಿನವನ್ನು ಅವರು ಹೇಳುತ್ತಾರೆ, ನಾನು ತಮಗೆ ತಿಳಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ನೋಂದಾಯಿತ ವಾಸ್ತುಶಿಲ್ಪಿ